ಬದಲಾವಣೆ ಭ್ರಮೆಯೆಂದವರು ಬದುಕಿದ್ದು ಹೇಗೆ?

ನ್ಯಾಯ ಕೇಳಿ ಬಂದವನಿಗೆ ಕೊಡುವ ಉತ್ತರಗಳಲ್ಲಿ ಅತ್ಯಂತ ಅಗ್ಗದ ಉತ್ತರ ಯಾವುದು? ‘ಸ್ವಲ್ಪ ತಾಳ್ಮೆಯಿರಲಿ’ ಎಂಬುದಲ್ಲ. ತಾಳ್ಮೆಗಾದರೂ ಒಂದು ಕೊನೆಯಿದೆ. ಇಂದಲ್ಲ ನಾಳೆ ಏನಾದರೂ ಆದೀತು ಎಂಬ ಒಪ್ಪಿಗೆ ಅದರಲ್ಲಿದೆ. ಅತ್ಯಂತ ಅಗ್ಗದ ಉತ್ತರ ‘ಬದಲಾವಣೆ ಎಂಬುದೇ ಒಂದು ಭ್ರಮೆ’ ಎಂಬುದು. ಹೇಳುವವನಿಗೆ ಇದರಿಂದ ಕಾಸಿನ ಖರ್ಚಿಲ್ಲ. ಕೇಳುವವನಿಗೆ ಮಾತ್ರ ತನ್ನ ನೋವೂ ಸುಳ್ಳು, ಅದು ನೀಗಬೇಕೆಂಬ ಆಸೆಯೂ ಸುಳ್ಳು ಎಂಬ ತೀರ್ಪು ಸಿಕ್ಕಿದಂತಾಗುತ್ತದೆ.

ಈ ಮಾತು ಬರಿಗೈಯಲ್ಲಿ ಬರುವುದಿಲ್ಲ. ಪಾಂಡಿತ್ಯದ ಪೋಷಾಕು ತೊಟ್ಟು ಬರುತ್ತದೆ. ‘ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ತತ್ವಜ್ಞಾನಿ ಪಾರ್ಮೆನಿಡೀಸ್ ಇದನ್ನು ಹೇಳಿದ್ದಾನೆ, ಅವನ ಶಿಷ್ಯ ಝೀನೋ ಸಾಧಿಸಿ ತೋರಿಸಿದ್ದಾನೆ, ಕೊನೆಗೆ ಐನ್‌ಸ್ಟೈನ್ ಕೂಡ ಇದಕ್ಕೆ ಮುದ್ರೆಯೊತ್ತಿದ್ದಾನೆ’ ಎನ್ನುತ್ತಾರೆ. ಮೂರು ದೊಡ್ಡ ಹೆಸರುಗಳನ್ನು ಕೇಳಿದ ಮೇಲೆ ಸಾಮಾನ್ಯ ಓದುಗ ಬಾಯಿ ಮುಚ್ಚಿಕೊಳ್ಳುತ್ತಾನೆ. ಹಾಗೆ ಬಾಯಿ ಮುಚ್ಚಿಕೊಳ್ಳುವ ಅಗತ್ಯವಿಲ್ಲ ಎಂಬುದು ಈ ಲೇಖನದ ವಾದ. ಆ ಮೂರೂ ಸಾಕ್ಷಿಗಳನ್ನು ಒಂದೊಂದಾಗಿ ಕಟಕಟೆಗೆ ಕರೆದು ವಿಚಾರಿಸೋಣ.

ನಿರಾಶ್ರಿತರ ಊರು

ಮೊದಲು ಊರಿನ ವಿಷಯ. ಪಾರ್ಮೆನಿಡೀಸನ ಊರಾದ ಎಲಿಯಾ ಗ್ರೀಸಿನಲ್ಲಿಲ್ಲ, ದಕ್ಷಿಣ ಇಟಲಿಯ ಕರಾವಳಿಯಲ್ಲಿದೆ. ಅದನ್ನು ಕಟ್ಟಿದವರು ಇಂದಿನ ಟರ್ಕಿಯ ತೀರದಲ್ಲಿದ್ದ ಫೋಸಿಯಾ ಎಂಬ ಗ್ರೀಕ್ ಪಟ್ಟಣದ ಜನರು. ಪರ್ಶಿಯಾದ ಸೈರಸ್‌ನ ಸೇನೆ ಕ್ರಿ.ಪೂ. 6ನೇ ಶತಮಾನದ ನಡುವಿನಲ್ಲಿ ತಮ್ಮ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ, ಅವರು ಹೆಂಡತಿ ಮಕ್ಕಳನ್ನೂ ಕೈಗೆ ಸಿಕ್ಕ ಸಾಮಾನನ್ನೂ ಹಡಗಿಗೇರಿಸಿಕೊಂಡು ಹೊರಟರೆಂದು ಚರಿತ್ರೆಕಾರ ಹೆರೊಡೋಟಸ್ ವಿವರಿಸುತ್ತಾನೆ. ಕಬ್ಬಿಣದ ಗಟ್ಟಿಯೊಂದನ್ನು ಸಮುದ್ರಕ್ಕೆಸೆದು, ಅದು ಮೇಲೆ ತೇಲಿ ಬರುವ ತನಕ ಮರಳಿ ಬರುವುದಿಲ್ಲವೆಂದು ಆಣೆಯಿಟ್ಟರಂತೆ. ಆದರೂ ಅರ್ಧಕ್ಕಿಂತ ಹೆಚ್ಚು ಮಂದಿ ಊರಿನ ನೆನಪು ತಾಳಲಾರದೆ ಹಿಂದಿರುಗಿದರು. ಉಳಿದವರು ಕಾರ್ಸಿಕಾ ದ್ವೀಪಕ್ಕೆ ಹೋದರು, ಅಲ್ಲಿ ನೌಕಾಯುದ್ಧದಲ್ಲಿ ಜರ್ಜರಿತರಾದರು, ಕೊನೆಗೆ ಎಲಿಯಾದಲ್ಲಿ ನೆಲೆಯೂರಿದರು.

ಪ್ಲೇಟೋ ಕೊಡುವ ವಿವರದಿಂದ ಲೆಕ್ಕ ಹಾಕಿದರೆ ಪಾರ್ಮೆನಿಡೀಸ್ ಹುಟ್ಟಿದ್ದು ಸುಮಾರು ಕ್ರಿ.ಪೂ. 515ರಲ್ಲಿ. ಅಂದರೆ ಹಡಗಿನಲ್ಲಿ ಬಂದವರು ಅವನ ಹಿಂದಿನ ತಲೆಮಾರಿನವರು. ನೆಲ, ಮನೆ, ಸಮಾಧಿಗಳನ್ನೆಲ್ಲ ಬಿಟ್ಟು ಬಂದವರ ನಡುವೆ ಬೆಳೆದವನು ‘ಯಾವುದೂ ಬದಲಾಗಿಲ್ಲ’ ಎಂದು ಹೇಳಿದ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅವನಿಗೆ ಬದಲಾವಣೆಯ ಪರಿಚಯವಿರಲಿಲ್ಲ ಎನ್ನುವಂತಿಲ್ಲ.

ಅವನು ಹೇಳಿದ್ದೇನು?

ಅವನು ಬರೆದದ್ದು ಒಂದು ಕಾವ್ಯ. ಅದರಲ್ಲಿ ಇಂದು ಉಳಿದಿರುವುದು ಸುಮಾರು 150 ಸಾಲುಗಳು. ಅದೂ ಉಳಿದದ್ದು ಬಹುಪಾಲು ಅವನಿಗಿಂತ ಸಾವಿರ ವರ್ಷ ಈಚಿನ ಸಿಂಪ್ಲಿಶಿಯಸ್ ಎಂಬ ವ್ಯಾಖ್ಯಾನಕಾರ, ಪುಸ್ತಕ ಅಪರೂಪವಾಗುತ್ತಿದೆಯೆಂದು ತನ್ನ ಬರಹದಲ್ಲಿ ನಕಲು ಮಾಡಿಟ್ಟದ್ದರಿಂದ. ಚಲನೆಯೇ ಇಲ್ಲವೆನ್ನುವ ಈ ಕಾವ್ಯ ಪ್ರಯಾಣದಿಂದ ಆರಂಭವಾಗುವುದು ವಿಶೇಷ. ಯುವಕನೊಬ್ಬ ರಥವೇರಿ ಹಗಲಿರುಳುಗಳ ಹೆಬ್ಬಾಗಿಲನ್ನು ದಾಟಿ ದೇವತೆಯೊಬ್ಬಳ ಬಳಿಗೆ ಹೋಗುತ್ತಾನೆ. ಅವಳು ಅವನಿಗೆ ಎರಡು ದಾರಿಗಳನ್ನು ತೋರಿಸುತ್ತಾಳೆ. ಒಂದು ‘ಇದೆ’ ಎಂಬ ದಾರಿ. ಇನ್ನೊಂದು ‘ಇಲ್ಲ’ ಎಂಬ ದಾರಿ. ಎರಡನೆಯದರಲ್ಲಿ ನಡೆಯಲಾಗದು, ಏಕೆಂದರೆ ಇಲ್ಲದ್ದನ್ನು ಯೋಚಿಸಲೂ ಆಗದು, ಹೇಳಲೂ ಆಗದು.

ಇಷ್ಟನ್ನು ಒಪ್ಪಿದರೆ ಉಳಿದದ್ದು ತಾನಾಗಿ ಬರುತ್ತದೆ ಎಂಬುದು ಅವನ ವಾದ. ಇರುವುದು ಹುಟ್ಟಿತೆಂದರೆ ಅದು ಮೊದಲು ಇರಲಿಲ್ಲ ಎಂದಾಯಿತು. ಸತ್ತಿತೆಂದರೆ ಇನ್ನು ಮೇಲೆ ಇಲ್ಲ ಎಂದಾಯಿತು. ಬೇರೆಯಾಯಿತೆಂದರೆ ಮೊದಲಿದ್ದದ್ದು ಈಗ ಇಲ್ಲ ಎಂದಾಯಿತು. ಎಲ್ಲ ಕಡೆಯೂ ನಿಷಿದ್ಧವಾದ ‘ಇಲ್ಲ’ ಬಂದು ಕೂರುತ್ತದೆ. ಆದ್ದರಿಂದ ಇರವಿಗೆ ಹುಟ್ಟಿಲ್ಲ, ಸಾವಿಲ್ಲ, ಭಾಗಗಳಿಲ್ಲ, ಚಲನೆಯಿಲ್ಲ. ಅದು ಎಲ್ಲ ಕಡೆಯಿಂದಲೂ ಸಮವಾದ ಒಂದು ಗೋಳದಂತೆ ಪರಿಪೂರ್ಣ. ಕಣ್ಣು ಕಿವಿಗಳು ಹೇಳುವುದೆಲ್ಲ ಮನುಷ್ಯರ ಬರೀ ಅಭಿಪ್ರಾಯ.

ಇದನ್ನು ಹುಚ್ಚು ಮಾತೆಂದು ತಳ್ಳಿಹಾಕುವವರಲ್ಲಿ ನಾವಿಲ್ಲ. ಕಂಡದ್ದನ್ನು ನಂಬುವುದಕ್ಕಿಂತ ಮೊದಲು ತರ್ಕಕ್ಕೆ ಲೆಕ್ಕ ಒಪ್ಪಿಸಬೇಕು ಎಂದು ಪಟ್ಟು ಹಿಡಿದವರಲ್ಲಿ ಅವನು ಮೊದಲಿಗರ ಸಾಲಿನವನು. ಏನೂ ಇಲ್ಲದಲ್ಲಿಂದ ಏನೂ ತಾನಾಗಿ ಬರಲಾರದು ಎಂಬ ಅವನ ಮಾತನ್ನು ನಂತರದ ಎಂಪೆಡೊಕ್ಲಿಸ್, ಅನಾಕ್ಸಾಗೊರಸ್, ಪರಮಾಣುವಾದಿ ಡೆಮೊಕ್ರಿಟಸ್ ಎಲ್ಲರೂ ಒಪ್ಪಿಕೊಂಡರು. ಆದರೆ ಅವರು ಬದಲಾವಣೆಯನ್ನು ಕೈಬಿಡಲಿಲ್ಲ. ಮೂಲದ್ರವ್ಯಗಳು ಕೂಡುವುದು, ಅಗಲುವುದೇ ಬದಲಾವಣೆ ಎಂದರು. 1789ರಲ್ಲಿ ಲಾವೋಸಿಯೇ ತನ್ನ ರಸಾಯನಶಾಸ್ತ್ರದ ಗ್ರಂಥದಲ್ಲಿ ದ್ರವ್ಯದ ಒಟ್ಟು ಪ್ರಮಾಣ ಹೆಚ್ಚುಕಡಿಮೆಯಾಗುವುದಿಲ್ಲ ಎಂದಾಗ ಈ ಎಳೆಯೇ ಮುಂದುವರಿಯಿತು. ಸೌದೆ ಉರಿದರೂ ದ್ರವ್ಯ ನಾಶವಾಗುವುದಿಲ್ಲ, ನಿಜ. ಹಾಗೆಂದು ಸೌದೆ ಉರಿಯಲೇ ಇಲ್ಲ ಎನ್ನಲಾದೀತೇ?

‘ಇಲ್ಲ’ ಮತ್ತು ‘ಅಲ್ಲ’

ಹಾಗಾದರೆ ವಾದ ಎಲ್ಲಿ ಮುರಿಯುತ್ತದೆ? ಇದನ್ನು ಕಂಡುಹಿಡಿಯಲು ಕನ್ನಡಿಗರು ಗ್ರೀಕ್ ಕಲಿಯಬೇಕಾಗಿಲ್ಲ. ನಮ್ಮ ಮನೆಯ ಮಗುವಿಗೂ ಗೊತ್ತಿರುವ ಒಂದು ವ್ಯತ್ಯಾಸ ಸಾಕು.

ಗ್ರೀಕ್ ಭಾಷೆಯಲ್ಲಿ ‘ಎಸ್ಟಿ’ ಎಂಬ ಒಂದೇ ಕ್ರಿಯಾಪದ ಎರಡು ಕೆಲಸ ಮಾಡುತ್ತದೆ. ‘ಎಲೆ ಇದೆ’ ಎನ್ನಲೂ ಅದೇ, ‘ಎಲೆ ಹಸಿರು’ ಎನ್ನಲೂ ಅದೇ. ಅದಕ್ಕೆ ನಿಷೇಧ ಸೇರಿಸಿದರೆ ‘ಎಲೆ ಇಲ್ಲ’ ಎಂಬುದಕ್ಕೂ ‘ಎಲೆ ಹಸಿರಲ್ಲ’ ಎಂಬುದಕ್ಕೂ ಒಂದೇ ಮಾತು. ಕನ್ನಡದಲ್ಲಿ ಹಾಗಲ್ಲ. ‘ಎಲೆ ಹಸಿರು’ ಎನ್ನಲು ಕ್ರಿಯಾಪದವೇ ಬೇಡ. ನಿಷೇಧಕ್ಕೆ ಬಂದರೆ ‘ಇಲ್ಲ’ ಬೇರೆ, ‘ಅಲ್ಲ’ ಬೇರೆ. ‘ಅಪ್ಪ ಮನೆಯಲ್ಲಿಲ್ಲ’ ಎಂಬುದನ್ನೂ ‘ಅವರು ಅಪ್ಪ ಅಲ್ಲ’ ಎಂಬುದನ್ನೂ ಮೂರು ವರ್ಷದ ಮಗು ಕೂಡ ಅದಲುಬದಲು ಮಾಡುವುದಿಲ್ಲ.

ಈಗ ಪಾರ್ಮೆನಿಡೀಸನ ವಾದವನ್ನು ಕನ್ನಡದಲ್ಲಿ ಹೇಳಿ ನೋಡಿ. ಹಸಿರೆಲೆ ಹಣ್ಣಾಗಿ ಹಳದಿಯಾಯಿತು. ಈಗ ಎಲೆ ಹಸಿರಲ್ಲ. ಇಲ್ಲಿ ಬಂದಿರುವುದು ‘ಅಲ್ಲ’. ಹಸಿರಲ್ಲದ್ದು ಶೂನ್ಯವಲ್ಲ, ಅದು ಹಳದಿ. ಇರುವಂಥದ್ದೇ, ಕಣ್ಣಿಗೆ ಕಾಣುವಂಥದ್ದೇ, ಯೋಚಿಸಬಹುದಾದಂಥದ್ದೇ. ನಿಷಿದ್ಧವಾದ ‘ಇಲ್ಲ’ ಇಲ್ಲಿಗೆ ಬರಲೇ ಇಲ್ಲ. ಬಂದಂತೆ ತೋರಿದ್ದು ಒಂದೇ ಕ್ರಿಯಾಪದ ಎರಡು ಕಡೆ ದುಡಿಯುತ್ತಿದ್ದುದರಿಂದ. ಕನ್ನಡ ಗ್ರೀಕಿಗಿಂತ ಮೇಲೆಂದು ಜಂಬ ಕೊಚ್ಚಲು ಇದನ್ನು ಹೇಳುತ್ತಿಲ್ಲ. ಪ್ರತಿ ಭಾಷೆಗೂ ಅದರದೇ ಆದ ಬಲೆಗಳಿವೆ. ಒಂದು ಭಾಷೆಯ ಬಲೆಯನ್ನು ಇಡೀ ವಿಶ್ವದ ಸ್ವಭಾವವೆಂದು ತಿಳಿಯಬಾರದು, ಅಷ್ಟೇ.

ಗ್ರೀಕರೇ ಇದನ್ನು ಕಂಡುಕೊಂಡರು. ಪ್ಲೇಟೋ ‘ಸೋಫಿಸ್ಟ್’ ಎಂಬ ಸಂವಾದದಲ್ಲಿ ಎಲಿಯಾದಿಂದ ಬಂದ ಅತಿಥಿಯ ಬಾಯಲ್ಲೇ ಈ ಗಂಟನ್ನು ಬಿಡಿಸುತ್ತಾನೆ. ‘ಅಲ್ಲದ್ದು’ ಎಂದರೆ ಇರವಿಗೆ ವಿರುದ್ಧವಾದದ್ದಲ್ಲ, ‘ಬೇರೆಯಾದದ್ದು’ ಎಂದು ಅತಿಥಿ ತೋರಿಸುತ್ತಾನೆ. ಹಾಗೆ ಮಾಡುವ ಮೊದಲು, ತನ್ನನ್ನು ಪಿತೃಹಂತಕನೆಂದು ಭಾವಿಸಬೇಡಿ ಎಂದು ಕೇಳಿಕೊಳ್ಳುತ್ತಾನೆ. ಪಾರ್ಮೆನಿಡೀಸ್ ಅವರೆಲ್ಲರಿಗೂ ತಂದೆಯ ಸಮಾನ. ಗುರುವಿನ ಮೇಲಿನ ಗೌರವ ಮತ್ತು ಗುರುವಿನ ತಪ್ಪನ್ನು ಹೇಳುವ ಧೈರ್ಯ ಎರಡೂ ಒಂದೇ ಬಾಯಲ್ಲಿ ಇರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಗ್ರೀಕ್ ಗ್ರಂಥಗಳು ಅರಬಿಗೆ ಬಂದಾಗಲೂ ಈ ಪ್ರಶ್ನೆ ಎದ್ದಿತು. 950ರಲ್ಲಿ ತೀರಿಕೊಂಡ ತತ್ವಜ್ಞಾನಿ ಅಲ್ ಫಾರಾಬಿ ‘ಕಿತಾಬುಲ್ ಹುರೂಫ್’ನಲ್ಲಿ ಇದನ್ನು ಚರ್ಚಿಸಿದ್ದಾನೆ. ಗ್ರೀಕಿನ ‘ಎಸ್ಟಿ’ಗೆ ಸರಿಹೊಂದುವ ಪದ ಅರಬಿಯಲ್ಲಿರಲಿಲ್ಲ. ಕೆಲವು ಅನುವಾದಕರು ‘ಹುವ’ ಎಂಬ ಸರ್ವನಾಮವನ್ನೂ ಕೆಲವರು ‘ಮೌಜೂದ್’ ಎಂಬ ಪದವನ್ನೂ ಆ ಜಾಗದಲ್ಲಿ ತಂದರು. ಒಂದು ಭಾಷೆಯಲ್ಲಿ ಗುಟ್ಟಾಗಿ ಸಾಗಿದ್ದು ಇನ್ನೊಂದು ಭಾಷೆಯ ಸುಂಕದ ಕಟ್ಟೆಯಲ್ಲಿ ಸಿಕ್ಕಿಬೀಳುತ್ತದೆ. ಅನುವಾದದಿಂದ ತತ್ವಶಾಸ್ತ್ರಕ್ಕೆ ಆಗುವ ದೊಡ್ಡ ಉಪಕಾರವೇ ಇದು.

ಝೀನೋ ಸಾಧಿಸಿದನೇ?

ಎರಡನೇ ಸಾಕ್ಷಿ ಝೀನೋ. ಓಟಗಾರ ಅಕಿಲೀಸ್ ಮುಂದಿರುವ ಆಮೆಯನ್ನು ಹಿಡಿಯಲಾರ. ಏಕೆಂದರೆ ಅವನು ಆಮೆ ಇದ್ದ ಜಾಗಕ್ಕೆ ತಲಪುವಷ್ಟರಲ್ಲಿ ಅದು ಸ್ವಲ್ಪ ಮುಂದೆ ಹೋಗಿರುತ್ತದೆ, ಅಲ್ಲಿಗೆ ತಲಪುವಷ್ಟರಲ್ಲಿ ಇನ್ನೂ ಸ್ವಲ್ಪ ಮುಂದೆ. ಹಾರುವ ಬಾಣ ನಿಂತೇ ಇದೆ. ಏಕೆಂದರೆ ಪ್ರತಿ ಕ್ಷಣದಲ್ಲೂ ಅದು ತನ್ನಷ್ಟೇ ಉದ್ದದ ಜಾಗದಲ್ಲಿರುತ್ತದೆ. ಈ ಒಗಟುಗಳು ನಮಗೆ ಬಂದಿರುವುದು ಅವುಗಳನ್ನು ಖಂಡಿಸಲು ಹೊರಟ ಅರಿಸ್ಟಾಟಲನ ‘ಭೌತಶಾಸ್ತ್ರ’ ಗ್ರಂಥದ ಮೂಲಕ.

ಅಕಿಲೀಸ್ ಸೆಕೆಂಡಿಗೆ 10 ಮೀಟರ್, ಆಮೆ 1 ಮೀಟರ್ ಓಡುತ್ತದೆ, ಆಮೆ 100 ಮೀಟರ್ ಮುಂದಿದೆ ಎಂದಿಟ್ಟುಕೊಳ್ಳಿ. (ಆಮೆ ತುಂಬಾ ಚುರುಕಿನದೇ ಸರಿ.) ಝೀನೋನ ಹೆಜ್ಜೆಗಳಿಗೆ ತಗಲುವ ಕಾಲ 10 ಸೆಕೆಂಡು, ಆಮೇಲೆ 1, ಆಮೇಲೆ ಹತ್ತನೇ ಒಂದು, ನೂರನೇ ಒಂದು. ಹೆಜ್ಜೆಗಳಿಗೆ ಕೊನೆಯಿಲ್ಲ, ಮೊತ್ತಕ್ಕೆ ಮಾತ್ರ ಮಿತಿಯಿದೆ. 11 ಸೆಕೆಂಡು ಮತ್ತು ಒಂದು ಸೆಕೆಂಡಿನ ಒಂಬತ್ತನೇ ಒಂದು ಭಾಗದಲ್ಲಿ ಅಕಿಲೀಸ್ ಆಮೆಯನ್ನು ಹಿಡಿಯುತ್ತಾನೆ. ಕೊನೆಯಿಲ್ಲದ ಸಾಲಿಗೂ ಮಿತಿಯಿರುವ ಮೊತ್ತವಿರಬಹುದು ಎಂಬುದನ್ನು 19ನೇ ಶತಮಾನದ ಗಣಿತಜ್ಞರು ಖಚಿತ ನೆಲೆಯಲ್ಲಿ ನಿಲ್ಲಿಸಿದರು. ಇನ್ನು ಬಾಣದ ಮಾತು. ಚಲನೆಯೆಂದರೆ ಒಂದು ಕ್ಷಣದೊಳಗೆ ಬಾಣ ಮಾಡುವ ಕೆಲಸವಲ್ಲ. ಬೇರೆ ಬೇರೆ ಕ್ಷಣಗಳಲ್ಲಿ ಬೇರೆ ಬೇರೆ ಜಾಗಗಳಲ್ಲಿರುವುದೇ ಚಲನೆ. ಒಂದು ಸ್ವರದಲ್ಲಿ ರಾಗವನ್ನು ಹುಡುಕಿ, ರಾಗವೇ ಇಲ್ಲವೆಂದರೆ ತಪ್ಪು ರಾಗದ್ದಲ್ಲ.

ಝೀನೋನ ಉದ್ದೇಶವೂ ಬೇರೆಯೇ ಇತ್ತು. ಪ್ಲೇಟೋ ಹೇಳುವ ಪ್ರಕಾರ, ಗುರುವನ್ನು ಗೇಲಿ ಮಾಡಿದವರಿಗೆ ‘ನಿಮ್ಮ ನಂಬಿಕೆಯಲ್ಲೂ ಇಷ್ಟೇ ತೊಡಕುಗಳಿವೆ’ ಎಂದು ತಿರುಗೇಟು ಕೊಡಲು ಅವನು ಬರೆದ. ಅದು ಸವಾಲೇ ಹೊರತು ಸಾಂತ್ವನವಲ್ಲ. ಸವಾಲಾಗಿ ಅದು ಶತಮಾನಗಳ ಕಾಲ ದುಡಿಯಿತು. 9ನೇ ಶತಮಾನದ ಬಸ್ರಾ, ಬಗ್ದಾದ್‌ಗಳಲ್ಲಿ ಅನ್ನಝ್ಝಾಮ್ ಮತ್ತು ಅಬುಲ್ ಹುಝೈಲ್ ಎಂಬ ಮುಅ್ತಝಿಲೀ ವಿದ್ವಾಂಸರು ಇದೇ ತೊಡಕಿನ ಮೇಲೆ ಜಟಾಪಟಿ ನಡೆಸಿದರು. ವಸ್ತುವನ್ನು ಎಷ್ಟು ಬೇಕಾದರೂ ಒಡೆಯುತ್ತಾ ಹೋಗಬಹುದು ಎಂದ ಅನ್ನಝ್ಝಾಮ್, ಚಲಿಸುವ ವಸ್ತು ನಡುವಿನ ಜಾಗಗಳನ್ನು ಜಿಗಿದು ಹೋಗುತ್ತದೆ ಎಂದ. ಅಬುಲ್ ಹುಝೈಲ್ ಒಡೆಯಲಾಗದ ಪರಮಾಣುಗಳಿವೆ ಎಂದ. ಇಬ್ಬರ ಉತ್ತರವೂ ಇಂದು ನಿಲ್ಲಲಿಕ್ಕಿಲ್ಲ. ಆದರೆ ಇಬ್ಬರೂ ಕೇಳಿದ್ದು ಚಲನೆ ‘ಹೇಗೆ’ ಎಂದು. ಲೆಕ್ಕ ಸಿಗಲಿಲ್ಲವೆಂದು ಚಲನೆಯನ್ನೇ ಸುಳ್ಳೆನ್ನಲಿಲ್ಲ.

ಐನ್‌ಸ್ಟೈನ್ ಮುದ್ರೆಯೊತ್ತಿದನೇ?

ಮೂರನೆಯ ಸಾಕ್ಷಿ ಹೆಚ್ಚು ತೂಕದ್ದು. ಸಾಪೇಕ್ಷತೆಯ ಪ್ರಕಾರ ಎಲ್ಲರಿಗೂ ಒಂದೇ ಆದ ‘ಈಗ’ ಎಂಬುದಿಲ್ಲ. 1908ರಲ್ಲಿ ಮಿಂಕೋವ್‌ಸ್ಕಿ ದೇಶಕಾಲಗಳನ್ನು ಒಂದೇ ನಾಲ್ಕು ಆಯಾಮದ ಹಾಸಾಗಿ ಚಿತ್ರಿಸಿದ. 1955ರ ಮಾರ್ಚಿನಲ್ಲಿ ಗೆಳೆಯ ಬೆಸ್ಸೋ ತೀರಿಕೊಂಡಾಗ ಐನ್‌ಸ್ಟೈನ್ ಅವನ ಮನೆಯವರಿಗೆ ಬರೆದ ಪತ್ರದಲ್ಲಿ, ಭೂತ ವರ್ತಮಾನ ಭವಿಷ್ಯಗಳ ಭೇದ ಭ್ರಮೆಯೆಂಬ ಅರ್ಥದ ಮಾತಿದೆ. ಕಾರ್ಲ್ ಪಾಪರ್ ಐನ್‌ಸ್ಟೈನ್‌ನನ್ನು ‘ಪಾರ್ಮೆನಿಡೀಸ್’ ಎಂದೇ ಕರೆದದ್ದೂ ಉಂಟು.

ಆದರೆ ಹಾಸಿನಲ್ಲಿರುವ ಬಿಂದುಗಳು ಒಂದೇ ಆಗಿಲ್ಲ. ರೈಲ್ವೆ ವೇಳಾಪಟ್ಟಿ ಗೋಡೆಯ ಮೇಲೆ ಅಲುಗಾಡದೆ ನಿಂತಿರುತ್ತದೆ. ಹಾಗೆಂದು ಎಲ್ಲ ನಿಲ್ದಾಣಗಳೂ ಒಂದೇ ಎಂದು ಯಾರೂ ಹೇಳುವುದಿಲ್ಲ. ಪಾರ್ಮೆನಿಡೀಸನ ಇರವಿನಲ್ಲಿ ಭಾಗಗಳೇ ಇಲ್ಲ, ಭೇದವೇ ಇಲ್ಲ. ಭೌತವಿಜ್ಞಾನದ ಹಾಸಿನಲ್ಲಾದರೋ ಹಸಿರೆಲೆಯೂ ಇದೆ, ಹಳದಿ ಎಲೆಯೂ ಇದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಅದಕ್ಕಿಂತ ಮುಖ್ಯವಾದದ್ದು ಆ ಪತ್ರದ ನಂತರ ನಡೆದದ್ದು. ಅದನ್ನು ಬರೆದ ಕೆಲವೇ ವಾರಗಳಲ್ಲಿ, 1955ರ ಏಪ್ರಿಲ್ 11ರಂದು, ಐನ್‌ಸ್ಟೈನ್ ಬರ್ಟ್ರಂಡ್ ರಸೆಲ್ ಸಿದ್ಧಪಡಿಸಿದ ಅಣುಯುದ್ಧ ವಿರೋಧಿ ಹೇಳಿಕೆಗೆ ಸಹಿ ಹಾಕಿದ. ಅದಾಗಿ ಒಂದು ವಾರಕ್ಕೆ ತೀರಿಕೊಂಡ. ಭವಿಷ್ಯ ಭ್ರಮೆಯೆಂದು ದುಃಖದಲ್ಲಿದ್ದ ಗೆಳೆಯನ ಮನೆಯವರಿಗೆ ಬರೆದ ಕೈಯೇ, ಆ ಭವಿಷ್ಯವನ್ನು ಕಾಪಾಡಿ ಎಂದು ಜಗತ್ತಿಗೂ ಸಹಿ ಹಾಕಿಕೊಟ್ಟಿತು. ಮೊದಲನೆಯದನ್ನು ಮಾತ್ರ ಎತ್ತಿ ಹೇಳುವವರು ಅರ್ಧ ಸಾಕ್ಷ್ಯವನ್ನು ಬಚ್ಚಿಡುತ್ತಿದ್ದಾರೆ.

ಬದಲಾಗದ್ದು ಯಾವುದು?

ಇನ್ನೊಂದು ಬಗೆಯವರಿದ್ದಾರೆ. ಅವರಿಗೆ ಲೋಕವೆಲ್ಲ ಭ್ರಮೆಯಲ್ಲ. ತಮ್ಮ ಸಂಸ್ಕೃತಿ, ತಮ್ಮ ರೂಢಿ, ತಮ್ಮ ಜನಾಂಗದ ಸತ್ವ ಮಾತ್ರ ಅನಾದಿ ಮತ್ತು ಬದಲಾಗದ್ದು. ಉಳಿದವರದ್ದು ನಿನ್ನೆ ಮೊನ್ನೆ ಬಂದದ್ದು. ಇಂಥವರು ಪಾರ್ಮೆನಿಡೀಸನ ಬಾಗಿಲಿಗೆ ಹೋದರೆ ಒಳಗೆ ಪ್ರವೇಶವಿಲ್ಲ. ಅವನ ಇರವು ಒಂದೇ, ಭಾಗಗಳಿಲ್ಲದ್ದು. ಅಲ್ಲಿ ‘ನಮ್ಮದು’ ಮತ್ತು ‘ಅವರದು’ ಎಂದು ಗೆರೆ ಎಳೆಯಲು ಜಾಗವಿಲ್ಲ. ಗೆರೆ ಎಳೆದ ಕೂಡಲೇ ಅದು ಬದಲಾಗದ ಇರವಲ್ಲ, ಮನುಷ್ಯರ ಅಭಿಪ್ರಾಯ. ಹುಟ್ಟಿದ ದಿನವಿರುವ, ನೆರೆಹೊರೆಯಿಂದ ಕಲಿತಿರುವ, ಕೆಲವನ್ನು ಬಿಟ್ಟು ಕೆಲವನ್ನು ಹಿಡಿದಿರುವ ಯಾವ ಪರಂಪರೆಯೂ ಆ ಪಟ್ಟಕ್ಕೆ ಅರ್ಹವಲ್ಲ.

ಈ ಮಾತು ಧರ್ಮಶ್ರದ್ಧೆಯುಳ್ಳ ಎಲ್ಲರಿಗೂ ಅನ್ವಯಿಸುತ್ತದೆ, ಮುಸ್ಲಿಮರಿಗೂ ಕೂಡ. ಸೃಷ್ಟಿಕರ್ತ ಬದಲಾಗುವುದಿಲ್ಲ ಎಂದು ನಂಬುವುದು ಒಂದು. ಅವನ ಸೃಷ್ಟಿಯಲ್ಲಿ ಬದಲಾವಣೆಯೇ ಇಲ್ಲ ಎನ್ನುವುದು ತೀರಾ ಬೇರೆ. ತನ್ನ ಅಜ್ಜನ ಕಾಲದ ಪದ್ಧತಿಗೆ ಸೃಷ್ಟಿಕರ್ತನ ಗುಣವನ್ನು ಹಚ್ಚುವುದು ಮತ್ತೂ ಬೇರೆ. ಪಾರ್ಮೆನಿಡೀಸನ ಇರವು ಸೃಷ್ಟಿಕರ್ತನಲ್ಲ ಎಂಬುದನ್ನೂ ಮರೆಯುವಂತಿಲ್ಲ. ಅಲ್ಲಿ ಸೃಷ್ಟಿಗೆ ಎಡೆಯಿಲ್ಲ, ಆದ್ದರಿಂದ ಕರ್ಮಕ್ಕೂ ಹೊಣೆಗೂ ಪಶ್ಚಾತ್ತಾಪಕ್ಕೂ ಎಡೆಯಿಲ್ಲ. ನಿನ್ನೆಯ ತಪ್ಪುಗಾರ ಇಂದು ಬೇರೆಯವನಾಗಬಲ್ಲ ಎಂದೊಪ್ಪದ ಲೋಕದಲ್ಲಿ ಪಶ್ಚಾತ್ತಾಪದ ಅರ್ಥವೇನು?

ಅವರು ಬದುಕಿದ್ದು

ಈಗ ಕೊನೆಯ ಸಾಕ್ಷ್ಯ. ಎಲಿಯಾ ಪಂಥದ ಮೂವರೂ ಬದುಕಿದ್ದು ಹೇಗೆ?

ಮೂರನೆಯವನಾದ ಮೆಲಿಸಸ್ ಸಾಮೋಸ್ ದ್ವೀಪದವನು. ಇರವಿಗೆ ನೋವಾಗಲಿ ದುಃಖವಾಗಲಿ ಇಲ್ಲವೆಂದು ಬರೆದವನು. ಅದೇ ಮೆಲಿಸಸ್ ಅಥೆನ್ಸ್ ತನ್ನ ದ್ವೀಪದ ಮೇಲೆ ದಂಡೆತ್ತಿ ಬಂದಾಗ ನೌಕಾಪಡೆಯ ನಾಯಕನಾದ. ಪೆರಿಕ್ಲಿಸ್ ಬೇರೆಡೆಗೆ ಹೋದ ಸಮಯ ನೋಡಿ ಅಥೆನ್ಸಿನ ಹಡಗುಗಳನ್ನು ಸೋಲಿಸಿದ ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಕೊನೆಗೆ ಒಂಬತ್ತನೇ ತಿಂಗಳಲ್ಲಿ ಸಾಮೋಸ್ ಶರಣಾಯಿತು, ಕೋಟೆಗೋಡೆ ಕೆಡವಬೇಕಾಯಿತು, ಹಡಗುಗಳನ್ನು ಒಪ್ಪಿಸಬೇಕಾಯಿತು. ನೋವೇ ಇಲ್ಲವೆಂದು ಅವನು ತನ್ನ ಜನರಿಗೆ ಉಪದೇಶ ಮಾಡುತ್ತ ಕೂರಲಿಲ್ಲ; ಹಡಗು ಹತ್ತಿದ.

ಝೀನೋ ತನ್ನ ಊರಿನ ಸರ್ವಾಧಿಕಾರಿಯ ವಿರುದ್ಧ ಸಂಚು ಹೂಡಿ ಸಿಕ್ಕಿಬಿದ್ದನೆಂದು ಪ್ರಾಚೀನ ಬರಹಗಾರರು ಹೇಳುತ್ತಾರೆ. ಕಥೆಯ ವಿವರಗಳು ಒಬ್ಬರಿಂದ ಒಬ್ಬರಿಗೆ ಬೇರೆ. ಚಿತ್ರಹಿಂಸೆಯಲ್ಲೂ ಜೊತೆಗಾರರ ಹೆಸರು ಬಿಡದೆ, ತನ್ನ ನಾಲಗೆಯನ್ನೇ ಕಚ್ಚಿ ಉಗಿದನೆಂಬ ಮಾತೂ ಇದೆ. ಬಾಣ ಚಲಿಸುವುದಿಲ್ಲವೆಂದವನು ಆಳ್ವಿಕೆ ಬದಲಾಗಬೇಕೆಂದು ಪ್ರಾಣವನ್ನೇ ಪಣಕ್ಕಿಟ್ಟವನೆಂದು ಪ್ರಾಚೀನರು ಅವನನ್ನು ನೆನೆದರು.

ಪಾರ್ಮೆನಿಡೀಸ್? ಅವನು ತನ್ನ ಊರಿಗೆ ಕಾನೂನು ಮಾಡಿಕೊಟ್ಟ. ನಾಗರಿಕರು ಆ ಕಾನೂನುಗಳಿಗೆ ಬದ್ಧರಾಗಿರುವುದಾಗಿ ವರ್ಷ ವರ್ಷವೂ ಪ್ರಮಾಣ ಮಾಡುತ್ತಿದ್ದರೆಂದು ಪ್ಲುಟಾರ್ಕ್ ಹೇಳುತ್ತಾನೆ. ನಿರಾಶ್ರಿತರು ಕಟ್ಟಿದ ಊರಿಗೆ ಕಾನೂನು ಎಷ್ಟು ಬೇಕಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದ ಇನ್ನು ಮುಂದೆ ಯಾರಾದರೂ ಗ್ರೀಕರ ಹೆಸರು ಹೇಳಿ ಬದಲಾವಣೆ ಭ್ರಮೆಯೆಂದರೆ, ಅವರಲ್ಲಿ ಒಂದೇ ಪ್ರಶ್ನೆ ಕೇಳಿ: ಹಾಗಾದರೆ ಪಾರ್ಮೆನಿಡೀಸ್ ಕಾನೂನು ಮಾಡಿದ್ದು ಯಾರಿಗಾಗಿ? ಬದಲಾಗಲಾರದ ಜನರಿಂದ ಯಾರೂ ಪ್ರತಿ ವರ್ಷ ಪ್ರಮಾಣ ಮಾಡಿಸುವುದಿಲ್ಲ. ಮನುಷ್ಯ ಕೆಡಬಲ್ಲ, ಮತ್ತೆ ಸರಿಯಾಗಬಲ್ಲ ಎಂದು ನಂಬಿದವರು ಮಾತ್ರ ಮಾಡಿಸುತ್ತಾರೆ.